ರಜೆಗೆ ಬರುವ ಮೊಮ್ಮಕ್ಕಳ ಜೊತೆ ನೋಡುವ ಸಿನಿಮಾಗಳು: ಊರಿಗೊಂದು ಪತ್ರ

ತೀರ್ಥರೂಪು ಅಪ್ಪನವರಿಗೂ ಮಾತೃಶ್ರೀ ಅಮ್ಮನವರಿಗೂ ನಮಸ್ಕಾರಗಳು. ಇತ್ತ ನಾವೆಲ್ಲ ಕ್ಷೇಮ. ಅತ್ತ ನಿಮ್ಮ ಕ್ಷೇಮಕ್ಕೆ ಬರೆಯಿರಿ.

ಜುಲೈನಲ್ಲಿ ಅಮೆರಿಕದಿಂದ ಬರುವ ಅಣ್ಣನ ಮಕ್ಕಳಿಬ್ಬರೂ ಮೂರು ವಾರ ನಿಮ್ಮ ಜೊತೆ ಇರುತ್ತಾರೆ. ಹೊರದೇಶದಲ್ಲಿ ನೆಲೆಸಿದ ನಮ್ಮವರ ಸಂಸಾರದ ಮೇಲೆ ಒಳ್ಳೆ ಸಿನಿಮಾಗಳಿದ್ದರೆ ಹೇಳು, ಮಕ್ಕಳ ಜೊತೆ ಕೂತು ನೋಡುತ್ತೇವೆ ಅಂತ ಅಪ್ಪ ಕೇಳಿದ್ದರು. ಫೋನಿನಲ್ಲಿ ನಾಲ್ಕು ಹೆಸರು ಹೇಳಿ ಮುಗಿಸುವ ವಿಷಯ ಇದಲ್ಲ ಅನಿಸಿತು. ಯಾವುದು ಮೊದಲು, ಯಾವುದು ಕೊನೆಗೆ, ಯಾವುದನ್ನು ಮಕ್ಕಳ ಎದುರು ಹಾಕಬಾರದು, ಎಲ್ಲಿ ಮಾತು ಕೆಡುತ್ತದೆ, ಎಲ್ಲವನ್ನೂ ಸಾವಕಾಶವಾಗಿ ಬರೆಯುತ್ತಿದ್ದೇನೆ.

ನೋಡುವಾಗ ಒಂದು ಸಂಗತಿ ಮನಸ್ಸಿನಲ್ಲಿರಲಿ. ಊರು ಬಿಟ್ಟವರ ತಲೆಯಲ್ಲಿ ಊರು ಅವರು ಬಿಟ್ಟ ವರ್ಷಕ್ಕೇ ನಿಂತುಬಿಟ್ಟಿರುತ್ತದೆ. 1972ರಲ್ಲಿ ಹೊರಟವನಿಗೆ 1972ರ ಊರು, 1995ರಲ್ಲಿ ಹೊರಟವನಿಗೆ 1995ರ ಊರು. ಆ ಊರಿನಲ್ಲೇ ಉಳಿದವರು ವರ್ಷವರ್ಷವೂ ಸ್ವಲ್ಪ ಸ್ವಲ್ಪ ಬದಲಾಗುತ್ತ ಹೋಗುತ್ತಾರೆ. ಹೆಣ್ಣುಮಕ್ಕಳ ಓದು, ಮದುವೆಯ ವಯಸ್ಸು, ಮನೆಯಲ್ಲಿ ಯಾರು ಮೊದಲು ಊಟ ಮಾಡಬೇಕು ಅನ್ನುವುದು ಕೂಡ ಬದಲಾಗುತ್ತದೆ. ದೂರದಲ್ಲಿರುವ ಅಪ್ಪನಿಗೆ ಆ ಬದಲಾವಣೆಯ ಸುದ್ದಿ ಮುಟ್ಟುವುದೇ ಇಲ್ಲ. ಅವನು ಹಳೆಯ ಊರಿನ ಕಟ್ಟಳೆಯನ್ನೇ ಮಕ್ಕಳಿಗೆ ಹೇಳುತ್ತಾನೆ, ಮಕ್ಕಳು ಅದನ್ನೇ 'ಇಂಡಿಯಾ' ಅಂದುಕೊಂಡು ಬೆಳೆಯುತ್ತಾರೆ. ಈ ಬಗೆಯ ಒಳ್ಳೆಯ ಸಿನಿಮಾಗಳಲ್ಲಿ ಅಪ್ಪ ಮಕ್ಕಳ ಜಗಳದ ಬುಡಕ್ಕೆ ಹೋದರೆ ಸಿಗುವುದು ಈ ನಿಂತುಹೋದ ಗಡಿಯಾರವೇ.

ಕ್ಯಾಮೆರಾ ಯಾವ ದಡದಲ್ಲಿ ನಿಂತಿದೆ ಅನ್ನುವುದನ್ನೂ ಗಮನಿಸಿ. ನೀವು ನೋಡಿರುವ ಹಿಂದಿ ಸಿನಿಮಾಗಳಲ್ಲಿ ಅದು ಭಾರತದಲ್ಲಿ ನಿಂತು ಹೊರಗೆ ನೋಡುತ್ತದೆ. 1970ರ 'ಪೂರಬ್ ಔರ್ ಪಶ್ಚಿಮ್'ನಲ್ಲಿ ಲಂಡನ್ನಿನಲ್ಲಿ ಬೆಳೆದ ಹುಡುಗಿ ಅಂದರೆ ಸಾಯಿರಾ ಬಾನು ಅವರ ಹೊಂಬಣ್ಣದ ಕೂದಲು, ಕೈಯಲ್ಲಿ ಸಿಗರೇಟು. ಆಕೆಯನ್ನು ದಾರಿಗೆ ತರಲು ಮನೋಜ್ ಕುಮಾರ್ ಇಲ್ಲಿಂದ ಹೋಗಬೇಕು. 25 ವರ್ಷದ ನಂತರ, 1995ರಲ್ಲಿ, 'ದಿಲ್‌ವಾಲೆ ದುಲ್ಹನಿಯಾ ಲೇ ಜಾಯೇಂಗೆ' ಇದನ್ನು ಪೂರ್ತಿ ತಿರುಗಿಸಿತು. ಲಂಡನ್ನಿನಲ್ಲಿ ಬೆಳೆದ ಹುಡುಗನೇ ಹುಡುಗಿಯನ್ನು ಓಡಿಸಿಕೊಂಡು ಹೋಗಲು ಒಪ್ಪುವುದಿಲ್ಲ, ಅಪ್ಪ ಕೈಹಿಡಿದು ಕೊಟ್ಟರೇ ಮದುವೆ ಅನ್ನುತ್ತಾನೆ. ಪಂಜಾಬಿನಲ್ಲೇ ಬೆಳೆದ ವರ ಉಡಾಳ. ಟ್ರಾಫಲ್ಗರ್ ಚೌಕದಲ್ಲಿ ಪಾರಿವಾಳಗಳಿಗೆ ಕಾಳು ಹಾಕುತ್ತ ಊರನ್ನು ನೆನೆಯುವ ಅಮರೀಶ್ ಪುರಿ ಪಾತ್ರ ನಿಮಗೆ ಚೆನ್ನಾಗಿ ನೆನಪಿರುತ್ತದೆ. ಎರಡೂ ಸಿನಿಮಾ ಕೊಡುವುದು ಭಾರತದಲ್ಲಿ ಕೂತ ಪ್ರೇಕ್ಷಕನಿಗೆ ಸಮಾಧಾನ. ಅಲ್ಲೇ ಹುಟ್ಟಿದ ಮಗು ಬೆಳಿಗ್ಗೆ ಎದ್ದು ಶಾಲೆಗೆ ಹೋಗುವಾಗ ಅದರ ಮನಸ್ಸಿನಲ್ಲೇನಿದೆ ಅನ್ನುವುದು ಅವುಗಳಿಗೆ ಗೊತ್ತಿಲ್ಲ. ಹಾಗಾಗಿ ಈ ಸಲ ಇವೆರಡನ್ನೂ ಬಿಟ್ಟುಬಿಡಿ.

ಆ ಮಗುವಿನ ಕಡೆಯಿಂದ ನೋಡಿದವರು ಹೊರಗೆ ಬದುಕಿದ ನಿರ್ದೇಶಕರು. ರೂರ್ಕೆಲಾದಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದ ಮೀರಾ ನಾಯರ್, ನೈರೋಬಿಯಲ್ಲಿ ಹುಟ್ಟಿ ಲಂಡನ್ನಿನ ಸೌತಾಲ್‌ನಲ್ಲಿ ಬೆಳೆದ ಗುರಿಂದರ್ ಚಡ್ಡಾ, ಅಮೃತಸರದಿಂದ ಕೆನಡಾಕ್ಕೆ ಹೋದ ದೀಪಾ ಮೆಹ್ತಾ. ಮೂವರ ಸಿನಿಮಾಗಳೂ ಬೇರೆಬೇರೆ ಥರ ಇರುವುದಕ್ಕೆ ಕಾರಣ ಜನ ಅಲ್ಲಿಗೆ ಹೋದ ರೀತಿ. ಬ್ರಿಟನ್ನಿಗೆ ಎರಡನೇ ಮಹಾಯುದ್ಧದ ನಂತರ ಹೋದವರಲ್ಲಿ ಬಹಳ ಮಂದಿ ಕಾರ್ಖಾನೆ, ಫೌಂಡ್ರಿಗಳಿಗೆ ಕೂಲಿಗೆ ಹೋದರು. ಆಮೇಲೆ ಕೀನ್ಯಾ, ಉಗಾಂಡಗಳಿಂದ ಬಂದ ಪಂಜಾಬಿಗಳು, ಗುಜರಾತಿಗಳು ಸೇರಿಕೊಂಡರು. ಒಂದೇ ಬೀದಿಯಲ್ಲಿ ನಮ್ಮವರ ನೂರು ಮನೆ. ಅದಕ್ಕೇ ಬ್ರಿಟಿಷ್ ಸಿನಿಮಾಗಳಲ್ಲಿ ಅಕ್ಕಪಕ್ಕದವರ ಮಾತಿಗೆ ಹೆದರುವ ಅಮ್ಮಂದಿರು ಜಾಸ್ತಿ. ಅಮೆರಿಕ 1965ರ ವಲಸೆ ಕಾನೂನಿನ ನಂತರವೇ ಭಾರತೀಯರಿಗೆ ಸರಿಯಾಗಿ ಬಾಗಿಲು ತೆರೆದದ್ದು. ಒಳಗೆ ಹೋದವರು ಹೆಚ್ಚಾಗಿ ಡಾಕ್ಟರು, ಎಂಜಿನಿಯರು, ಪ್ರೊಫೆಸರು. ಒಬ್ಬೊಬ್ಬರೇ ಒಂದೊಂದು ಊರಿಗೆ ಹೋಗಿ ನೆಲೆಸಿದರು. ಹಾಗಾಗಿ ಅಲ್ಲಿನ ಸಿನಿಮಾಗಳಲ್ಲಿ ಒಂಟಿ ಅಡುಗೆಮನೆ, ಹಿಮ ಬಿದ್ದ ಕಿಟಕಿ, ಸರಿರಾತ್ರಿಯ ಫೋನು.

ಮೊದಲ ವಾರ ಗುರಿಂದರ್ ಚಡ್ಡಾ ಅವರ 'ಬೆಂಡ್ ಇಟ್ ಲೈಕ್ ಬೆಕ್‌ಹ್ಯಾಮ್' (2002) ಹಾಕಿ. ಎರಡು ಗಂಟೆಗೂ ಕಡಿಮೆ, ನಗು ಇದೆ, ಹನ್ನೆರಡರ ಪುಟ್ಟನಿಗೂ ಹಿಡಿಸುತ್ತದೆ. ಲಂಡನ್ನಿನ ಹೌನ್ಸ್ಲೋದ ಸಿಖ್ ಮನೆಯ ಹುಡುಗಿ ಜೆಸ್‌ಗೆ ಫುಟ್‌ಬಾಲ್ ಹುಚ್ಚು. ಅಮ್ಮನಿಗೆ ಮಗಳು ದುಂಡಗೆ ಚಪಾತಿ ಲಟ್ಟಿಸಿ ಆಲೂಗೋಬಿ ಮಾಡುವುದನ್ನು ಕಲಿಯಬೇಕು. ಮಕ್ಕಳು ಜೆಸ್‌ಳನ್ನು ನೋಡುತ್ತಾರೆ. ನೀವು ಅಪ್ಪನ ಪಾತ್ರದ ಅನುಪಮ್ ಖೇರ್ ಅವರನ್ನು ನೋಡಿ. ನೈರೋಬಿಯಲ್ಲಿ ಒಳ್ಳೆ ವೇಗದ ಬೌಲರ್ ಆಗಿದ್ದವನು ಅವನು. ಇಂಗ್ಲೆಂಡಿನ ಕ್ಲಬ್‌ಗಳು ಅವನ ಪೇಟ ನೋಡಿ ನಕ್ಕು ಹೊರಗೆ ಕಳಿಸಿದವು. ಅವತ್ತೇ ಬ್ಯಾಟು ಬಾಲು ಕೆಳಗಿಟ್ಟ. ಮಗಳಿಗೆ 'ಬೇಡ' ಅನ್ನುವಾಗ ಅವನ ಬಾಯಲ್ಲಿ ಬರುವುದು ಸಂಪ್ರದಾಯದ ಮಾತು, ಹೊಟ್ಟೆಯೊಳಗಿರುವುದು ಆ ಅವಮಾನ. ತನಗಾದದ್ದು ಮಗಳಿಗೆ ಆಗಬಾರದು ಅನ್ನುವ ಭಯ. ಇಷ್ಟು ಅರ್ಥವಾದರೆ ಇಡೀ ಸಿನಿಮಾ ಬೇರೆಯಾಗಿ ಕಾಣುತ್ತದೆ.

ಅಕ್ಕನ ಮದುವೆಯೂ ಫೈನಲ್ ಪಂದ್ಯವೂ ಒಂದೇ ದಿನ ಬೀಳುತ್ತವೆ. ಪಂದ್ಯ ಮುಗಿಸಿ ಜೆಸ್ ಮದುವೆಮನೆಗೆ ಓಡಬೇಕು. ಡ್ರೆಸ್ಸಿಂಗ್ ರೂಮಿನಲ್ಲಿ ಬೆವರಿನ ಮೈಯಲ್ಲೇ ನಿಂತಿರುತ್ತಾಳೆ, ಸೀರೆ ಅಂದರೇನೆಂದು ಗೊತ್ತಿಲ್ಲದ ತಂಡದ ಹುಡುಗಿಯರೆಲ್ಲ ಸುತ್ತ ಸೇರಿ ಅವಳಿಗೆ ಸೀರೆ ಸುತ್ತುತ್ತಾರೆ. ಆ ಒಂದು ದೃಶ್ಯವನ್ನು ದೊಡ್ಡವಳ ಜೊತೆ ಇನ್ನೊಂದು ಸಲ ನೋಡಿ. ಅವಳಿಗೂ ಅಮ್ಮ ಸೀರೆ ಉಡಿಸಿ ತೋರಿಸಬಹುದು, ಅವಳಾಗಿ ಕೇಳಿದರೆ ಮಾತ್ರ.

ಎರಡನೆಯದು 'ಇಂಗ್ಲಿಷ್ ವಿಂಗ್ಲಿಷ್' (2012). ಇದು ವಲಸೆ ಹೋದವರ ಕಥೆಯಲ್ಲ. ಪುಣೆಯಲ್ಲಿ ಲಡ್ಡು ಮಾಡಿ ಮಾರುವ ಶಶಿ, ಅಂದರೆ ಶ್ರೀದೇವಿ, ಅಕ್ಕನ ಮಗಳ ಮದುವೆಗೆಂದು ನ್ಯೂಯಾರ್ಕಿಗೆ ಹೋಗಿ ಯಾರಿಗೂ ಹೇಳದೆ ನಾಲ್ಕು ವಾರದ ಇಂಗ್ಲಿಷ್ ತರಗತಿಗೆ ಸೇರುತ್ತಾಳೆ. ಇದನ್ನು ಪಟ್ಟಿಗೆ ಸೇರಿಸಿರುವುದು ಒಂದು ಕಾರಣಕ್ಕೆ. ಇಂಗ್ಲಿಷ್ ಬಾರದ ಅಮ್ಮನ ಬಗ್ಗೆ ನಾಚಿಕೆಪಡುವವಳು ಪುಣೆಯಲ್ಲೇ ಹುಟ್ಟಿ ಬೆಳೆದ ಮಗಳು. ಗುಟ್ಟು ಕಾಪಾಡಿ ಚಿಕ್ಕಮ್ಮನ ಕೈಹಿಡಿಯುವವಳು ಅಮೆರಿಕದಲ್ಲಿ ಬೆಳೆದ ರಾಧಾ. ತಲೆಮಾರಿನ ಅಂತರಕ್ಕೆ ಸಮುದ್ರ ದಾಟಲೇಬೇಕಾಗಿಲ್ಲ ಅನ್ನುವುದು ಇಲ್ಲಿ ಎದ್ದು ಕಾಣುತ್ತದೆ. ಕಾಫಿ ಅಂಗಡಿಯ ದೃಶ್ಯ ಬಂದಾಗ ಮಕ್ಕಳ ಮುಖ ನೋಡಿ. ಕೌಂಟರಿನ ಹುಡುಗಿ ಒಂದರ ಮೇಲೊಂದು ಪ್ರಶ್ನೆ ಎಸೆಯುತ್ತಾಳೆ, ಹಿಂದೆ ಸಾಲು ಬೆಳೆಯುತ್ತದೆ, ಶಶಿಯ ಬಾಯಿ ಒಣಗುತ್ತದೆ. ನಮ್ಮ ಮಕ್ಕಳಿಗೆ ನಿಮ್ಮ ಅಂಗಡಿಬೀದಿಯಲ್ಲಿ ಕನ್ನಡ ಮಾತಾಡುವಾಗ ಆಗುವುದೂ ಅದೇ. ಅವರ 'ಅವನು ಬಂದಳು' ಕೇಳಿ ನೆಂಟರು ನಕ್ಕರೆ ಮಾರನೆಯ ದಿನದಿಂದ ಅವರು ಬಾಯಿ ಬಿಡುವುದಿಲ್ಲ. ಈ ಸಿನಿಮಾ ನೋಡಿದ ದಿನವೇ ಮನೆಗೆ ಬರುವವರಿಗೆಲ್ಲ ಒಂದು ಮಾತು ಹೇಳಿಬಿಡಿ, ಮಕ್ಕಳ ಕನ್ನಡಕ್ಕೆ ಯಾರೂ ನಗಬಾರದು ಅಂತ.

ಮೂರನೆಯದು ನಿಮ್ಮದೇ ಸಿನಿಮಾ, ನಾಗತಿಹಳ್ಳಿ ಚಂದ್ರಶೇಖರ್ ಅವರ 'ಅಮೆರಿಕಾ ಅಮೆರಿಕಾ'. ಪಾತ್ರಗಳ ಹೆಸರು ನೋಡಿ: ಊರಲ್ಲೇ ಉಳಿಯುವ ಸೂರ್ಯ, ಅಮೆರಿಕ ಸೇರಿದ ಶಶಾಂಕ, ನಡುವೆ ಭೂಮಿಕಾ. ಸೂರ್ಯ ಚಂದ್ರರ ನಡುವೆ ಭೂಮಿಯ ಎಳೆದಾಟ. ಗೋಪಾಲಕೃಷ್ಣ ಅಡಿಗರ 'ಯಾವ ಮೋಹನ ಮುರಳಿ' ಕವಿತೆ ಮನೆಮನೆಯ ಹಾಡಾದದ್ದು ಇದರಿಂದಲೇ. ಸಂಗೀತ ಕೊಟ್ಟ ಮನೋಮೂರ್ತಿ ಅವರೂ ಅಮೆರಿಕದಲ್ಲಿ ನೆಲೆಸಿದವರು. ಆ ಹಾಡಿನಲ್ಲಿರುವ ದೂರತೀರದ ಸೆಳೆತವನ್ನು ಮೊಮ್ಮಕ್ಕಳಿಗೆ ಅಪ್ಪನೇ ಸಾಲುಸಾಲಾಗಿ ಬಿಡಿಸಿ ಹೇಳಲಿ. ಅವರ ತಂದೆ ಯಾಕೆ ಹೊರಟ ಅನ್ನುವುದಕ್ಕೆ ಅದಕ್ಕಿಂತ ಒಳ್ಳೆಯ ಪೀಠಿಕೆ ನನಗೆ ಗೊತ್ತಿಲ್ಲ. ಆದರೆ ಒಂದು ಕೊರತೆ ಇದೆ, ಅದನ್ನು ಮಕ್ಕಳೇ ಎತ್ತಬಹುದು. ಹೋದವರು, ಉಳಿದವರು ಇಬ್ಬರೂ ಸಿನಿಮಾದಲ್ಲಿದ್ದಾರೆ. ಅಲ್ಲೇ ಹುಟ್ಟಿ ಬೆಳೆದವರು ಇಲ್ಲ. 'ನಾವೆಲ್ಲಿ?' ಅಂತ ಅವರು ಕೇಳಿದರೆ ಸಮರ್ಥನೆಗೆ ಹೋಗಬೇಡಿ. ಅದು ನ್ಯಾಯವಾದ ಪ್ರಶ್ನೆ. ನಮ್ಮವರು ಹೆಚ್ಚಿನ ಸಂಖ್ಯೆಯಲ್ಲಿ ಹೋದದ್ದೇ ಅಮೆರಿಕದ 1990ರ ಕಾನೂನು ಎಚ್-1ಬಿ ಅನ್ನುವ ಕೆಲಸದ ವೀಸಾ ತಂದ ಮೇಲೆ, ಕಂಪ್ಯೂಟರ್ ಕೆಲಸಕ್ಕೆ. ಆ ಮನೆಗಳ ಮಕ್ಕಳು ದೊಡ್ಡವರಾಗಿ ತಮ್ಮ ಕಥೆ ಹೇಳುವ ಕಾಲ ಈಗ ಬರುತ್ತಿದೆ.

ಕೊನೆಗೆ, ಮಕ್ಕಳು ಹೊರಡುವುದಕ್ಕೆ ನಾಲ್ಕೈದು ದಿನ ಇರುವಾಗ, 'ದಿ ನೇಮ್‌ಸೇಕ್' (2006). ಇದನ್ನು ಮೊದಲ ವಾರವೇ ಹಾಕಿದರೆ ಕೆಡುತ್ತದೆ. ಓಟ ನಿಧಾನ, ಸಾವು ಇದೆ, ಹೊಸದಾಗಿ ಬಂದ ಮಕ್ಕಳು ಗಂಭೀರವಾದದ್ದಕ್ಕೆ ಇನ್ನೂ ತಯಾರಿರುವುದಿಲ್ಲ. ಹೊರಡುವ ಹಿಂದಿನ ರಾತ್ರಿಯೂ ಬೇಡ, ಎಲ್ಲರ ಕಣ್ಣೂ ಒದ್ದೆಯಾಗಿ ಮಾತೇ ಆಗುವುದಿಲ್ಲ. ಜುಂಪಾ ಲಾಹಿರಿ ಅವರ 2003ರ ಕಾದಂಬರಿಯನ್ನು ಮೀರಾ ನಾಯರ್ ತೆರೆಗೆ ತಂದದ್ದು. ಕಾದಂಬರಿಯಲ್ಲಿ ಬಾಸ್ಟನ್ ಕಡೆಯ ಮನೆ, ಸಿನಿಮಾದಲ್ಲಿ ಅದು ನ್ಯೂಯಾರ್ಕ್ ಕಡೆಗೆ ಬಂದಿದೆ. ಅಶೋಕ್ ಪಾತ್ರದಲ್ಲಿ ಇರ್ಫಾನ್ ಖಾನ್, ಅಶಿಮಾ ಪಾತ್ರದಲ್ಲಿ ತಬು, ಮಗನಾಗಿ ಕಾಲ್ ಪೆನ್.

ಇದರಲ್ಲಿ ಬೂಟುಗಳ ಮೇಲೆ ಕಣ್ಣಿಡಿ. ಕಲ್ಕತ್ತೆಯ ಮನೆಗೆ ವರ ಹೆಣ್ಣು ನೋಡಲು ಬಂದಿದ್ದಾನೆ. ಅಶಿಮಾ ಒಳಗೆ ಹೋಗುವ ಮುನ್ನ ಬಾಗಿಲಲ್ಲಿ ಬಿಟ್ಟಿರುವ ಅವನ ಬೂಟು ಕಾಣುತ್ತದೆ, ಅಮೆರಿಕದಲ್ಲಿ ಮಾಡಿದ್ದು. ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ಮೆಲ್ಲಗೆ ಕಾಲು ತೂರಿಸುತ್ತಾಳೆ. ಅವನ ಮುಖ ನೋಡುವ ಮೊದಲೇ ಅವನ ದೂರದ ದಾರಿಯನ್ನು ಕಾಲಿಗೆ ಹಾಕಿಕೊಂಡು ನೋಡುವ ಕ್ಷಣ ಅದು. ಎಷ್ಟೋ ವರ್ಷಗಳ ಮೇಲೆ, ಅಪ್ಪ ಒಂಟಿಯಾಗಿ ತೀರಿಕೊಂಡ ಊರಿಗೆ ಹೋದ ಮಗ ಅಪ್ಪನ ಬೂಟಿಗೆ ಕಾಲು ಹಾಕುತ್ತಾನೆ. ಎರಡು ದೃಶ್ಯಗಳಲ್ಲೂ ಮಾತಿಲ್ಲ. ಅಮ್ಮನಿಗೆ ಸಬ್‌ಟೈಟಲ್ ಬೇಕಾಗುವುದಿಲ್ಲ.

ಆಮೇಲೆ ಹೆಸರು. ಬಂಗಾಳಿಗಳಲ್ಲಿ ಮನೆಯಲ್ಲಿ ಕರೆಯಲು ಡಾಕ್‌ನಾಮ್, ಹೊರಗಿನವರಿಗೆ ಭಾಲೋನಾಮ್. ಹೆಸರು ಆರಿಸಬೇಕಾದ ಹಿರಿಯರ ಪತ್ರ ತಲುಪುವುದಿಲ್ಲ, ಆಸ್ಪತ್ರೆಯವರು ಹೆಸರು ಬರೆಸದೆ ಮಗುವನ್ನು ಮನೆಗೆ ಕಳಿಸುವುದಿಲ್ಲ, ಅಶೋಕ್ ತನಗೆ ಪ್ರಿಯನಾದ ರಷ್ಯನ್ ಲೇಖಕನ ಹೆಸರನ್ನೇ ಇಡುತ್ತಾನೆ: ಗೊಗೊಲ್. ರೈಲು ಅಪಘಾತದಲ್ಲಿ ಅವನ ಜೀವ ಉಳಿದದ್ದು ಕೈಯಲ್ಲಿದ್ದ ಆ ಲೇಖಕನ ಪುಸ್ತಕದ ಹಾಳೆ ಹುಡುಕುವವರ ಕಣ್ಣಿಗೆ ಬಿದ್ದುದರಿಂದ. ಮಗ ಬೆಳೆದು ಆ ಹೆಸರಿಗೆ ನಾಚಿ ನಿಖಿಲ್ ಆಗುತ್ತಾನೆ, ಸ್ನೇಹಿತರಿಗೆ ನಿಕ್. ಅದಕ್ಕೂ ಮೊದಲೇ ಅಪ್ಪ ಗೊಗೊಲ್ ಕಥೆಗಳ ಪುಸ್ತಕ ಉಡುಗೊರೆ ತಂದು, ಹೇಳಬೇಕೆಂದುಕೊಂಡದ್ದನ್ನು ಹೇಳದೆ ಬಾಗಿಲಲ್ಲಿ ನಿಂತು ಹೊರಟುಹೋಗುತ್ತಾನೆ. ನನ್ನ ಪ್ರಕಾರ ಇಡೀ ಸಿನಿಮಾದ ಜೀವ ಆ ಬಾಗಿಲಲ್ಲಿದೆ. ಹೇಳದೆ ಉಳಿದ ಮಾತನ್ನು ಮಗ 'ಅಪ್ಪನಿಗೆ ನಾನು ಅರ್ಥವಾಗುವುದಿಲ್ಲ' ಅಂತ ಓದಿಕೊಳ್ಳುತ್ತಾನೆ. ಎಷ್ಟೋ ಮನೆಗಳಲ್ಲಿ ಇದೇ ನಡೆಯುತ್ತಿದೆ.

ಇಲ್ಲಿ ಸಿನಿಮಾ ಮುಗಿದ ಮೇಲೆ ನಮ್ಮ ಕಡೆಯ ಹೆಸರಿನ ಕಥೆ ಹೇಳಿ. ನಮ್ಮಲ್ಲಿ ಬಹಳ ಜನಕ್ಕೆ ಮನೆತನದ ಹೆಸರಿಲ್ಲ, ಊರಿನದೋ ಅಪ್ಪನದೋ ಇನಿಷಿಯಲ್ ಅಷ್ಟೇ. ಅಮೆರಿಕದ ಅರ್ಜಿಯಲ್ಲಿ ಕೊನೆಯ ಹೆಸರಿನ ಖಾನೆ ಖಾಲಿ ಬಿಡುವ ಹಾಗಿಲ್ಲ. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದರೆ ವೀಸಾದಲ್ಲಿ ಅದು ಕೊನೆಯ ಹೆಸರಾಗಿ, ಮೊದಲ ಹೆಸರಿನ ಜಾಗದಲ್ಲಿ 'ಎಫ್‌ಎನ್‌ಯು' ಅಂತ, ಅಂದರೆ ಮೊದಲ ಹೆಸರು ಗೊತ್ತಿಲ್ಲ ಅಂತ ಬೀಳುತ್ತದೆ. ಅದು ಬ್ಯಾಂಕು, ಲೈಸೆನ್ಸು ಎಲ್ಲ ಕಡೆ ಹಿಂಬಾಲಿಸುತ್ತದೆ. ಅದನ್ನು ತಪ್ಪಿಸಲು ಜನ ತಂದೆಯ ಹೆಸರನ್ನು ಕೊನೆಯ ಹೆಸರಾಗಿ ಹಾಕಿಕೊಳ್ಳುತ್ತಾರೆ, ಅದೇ ಮಕ್ಕಳಿಗೂ ಇಳಿಯುತ್ತದೆ. ಹೀಗೆ ಊರಲ್ಲಿ ಬರೀ ಒಬ್ಬರ ಹೆಸರಾಗಿದ್ದದ್ದು ಅಲ್ಲಿ ವಂಶದ ಹೆಸರಾಗುತ್ತದೆ. ಅಪ್ಪಾ, ನಿಮ್ಮ ಹೆಸರು ಈಗ ಇಬ್ಬರು ಮೊಮ್ಮಕ್ಕಳ ಶಾಲೆಯ ಹಾಜರಿ ಪುಸ್ತಕದಲ್ಲಿದೆ. ಆ ಹೆಸರನ್ನು ನಿಮಗೆ ಯಾರು ಇಟ್ಟರು, ಯಾಕೆ ಇಟ್ಟರು ಅಂತ ನೀವೇ ಕೂರಿಸಿಕೊಂಡು ಹೇಳಿ.

ದೊಡ್ಡವಳಿಗೆ ಹದಿನಾರು ದಾಟಿದೆ, ಅವಳಿಗಾಗಿ ಇನ್ನೊಂದು ಇದೆ: ಮೀರಾ ನಾಯರ್ ಅವರದೇ 'ಮಿಸ್ಸಿಸ್ಸಿಪ್ಪಿ ಮಸಾಲಾ' (1991). ಪ್ರಣಯದೃಶ್ಯಗಳಿವೆ, ಹಿರಿಯರ ಜೊತೆ ಕೂತು ನೋಡಲು ಎಲ್ಲರಿಗೂ ಮುಜುಗರ. ಅವಳು ಬೇರೆ ನೋಡಿಕೊಳ್ಳಲಿ, ನೀವು ಬೇರೆ ನೋಡಿ, ಆಮೇಲೆ ಮಾತಾಡಿ. 1972ರ ಆಗಸ್ಟಿನಲ್ಲಿ ಉಗಾಂಡದ ಸರ್ವಾಧಿಕಾರಿ ಇದಿ ಅಮೀನ್ ಅಲ್ಲಿನ ಏಷ್ಯನ್ನರಿಗೆ ಜಾಗ ಖಾಲಿ ಮಾಡಲು 90 ದಿನ ಕೊಟ್ಟ. ಹಾಗೆ ಹೊರಬಿದ್ದ ವಕೀಲ ಜಯ್ ಅಮೆರಿಕದ ದಕ್ಷಿಣದ ಗ್ರೀನ್‌ವುಡ್ ಊರಿನ ಮೋಟೆಲಿನಲ್ಲಿ ಕೂತು, ಕಳೆದ ಆಸ್ತಿಗಾಗಿ ವರ್ಷಗಟ್ಟಲೆ ಉಗಾಂಡ ಸರ್ಕಾರಕ್ಕೆ ಪತ್ರ ಬರೆಯುತ್ತಿರುತ್ತಾನೆ. ಮಗಳು ಮೀನಾ ಕರಿಯ ಅಮೆರಿಕನ್ ಹುಡುಗನನ್ನು, ಡೆನ್ಜೆಲ್ ವಾಷಿಂಗ್ಟನ್‌ನ ಪಾತ್ರ, ಪ್ರೀತಿಸಿದಾಗ ಅದೇ ಜಯ್ ಎದುರು ನಿಲ್ಲುತ್ತಾನೆ. ಬಣ್ಣದ ಕಾರಣಕ್ಕೆ ಹೊರದಬ್ಬಿಸಿಕೊಂಡವನೇ ಬಣ್ಣ ನೋಡುತ್ತಾನೆ. ನಮ್ಮವರಲ್ಲಿರುವ ಈ ಬಣ್ಣದ ಭೇದವನ್ನು ಇಷ್ಟು ನೇರವಾಗಿ ಹೇಳಿದ ಸಿನಿಮಾಗಳು ಕಡಿಮೆ. ಅವಳು ಈ ವಿಷಯ ಎತ್ತಿದರೆ ಮಾತು ಮರೆಸಬೇಡಿ, ಕೇಳಿಸಿಕೊಳ್ಳಿ.

ಅಮ್ಮನಿಗೆ ಬೇರೆ ಎರಡು. ರೇವತಿ ಮೊದಲ ಸಲ ನಿರ್ದೇಶಿಸಿದ 'ಮಿತ್ರ್, ಮೈ ಫ್ರೆಂಡ್' (2002). ಚಿದಂಬರದಿಂದ ಕ್ಯಾಲಿಫೋರ್ನಿಯಾಕ್ಕೆ ಮದುವೆಯಾಗಿ ಹೋದ ಲಕ್ಷ್ಮಿಯ ಒಂಟಿತನ. ಶೋಭನಾ ಅವರಿಗೆ ಇದಕ್ಕೆ ರಾಷ್ಟ್ರಪ್ರಶಸ್ತಿ ಬಂತು. ಎಚ್-1ಬಿಯವರ ಹೆಂಡತಿಯರಲ್ಲಿ ಕೆಲವರಿಗಾದರೂ ಕೆಲಸದ ಪರವಾನಗಿ ಸಿಕ್ಕಿದ್ದು 2015ರಲ್ಲಿ. ಅಲ್ಲಿಯವರೆಗೆ ಓದಿದ ಹೆಣ್ಣುಮಕ್ಕಳು ನಾಲ್ಕು ಗೋಡೆಯೊಳಗೆ ಹೇಗೆ ದಿನ ಕಳೆದರು ಅನ್ನುವುದು ಲಕ್ಷ್ಮಿಯನ್ನು ನೋಡಿದರೆ ತಿಳಿಯುತ್ತದೆ. ಇನ್ನೊಂದು ದೀಪಾ ಮೆಹ್ತಾ ಅವರ 'ಹೆವನ್ ಆನ್ ಅರ್ಥ್' (2008). ಲುಧಿಯಾನದಿಂದ ಕೆನಡಾದ ಬ್ರ್ಯಾಂಪ್ಟನ್‌ಗೆ ಮದುವೆಯಾಗಿ ಹೋಗಿ ಹೊಡೆತ ತಿನ್ನುವ ಹುಡುಗಿ, ಪ್ರೀತಿ ಜಿಂಟಾ. ಅವಳ ಬಳಿಗೆ ಗಂಡನ ರೂಪದಲ್ಲಿ ನಾಗ ಬರುತ್ತದೆ. ಹೌದು, ನಮ್ಮ ಗಿರೀಶ ಕಾರ್ನಾಡರ 'ನಾಗಮಂಡಲ' ನಾಟಕದಿಂದಲೇ ಎತ್ತಿಕೊಂಡದ್ದು. ಗಂಡನನ್ನು ಒಲಿಸಿಕೊಳ್ಳಲೆಂದು ನಾಟಕದಲ್ಲಿ ಕುರುಡವ್ವ ಕೊಡುವ ಬೇರನ್ನು ಅಲ್ಲಿ ಜೊತೆಗೆ ಕೆಲಸ ಮಾಡುವವಳು ಕೊಡುತ್ತಾಳೆ. ನಾಗಾಭರಣರ ಸಿನಿಮಾ ನೋಡಿರುವ ಅಮ್ಮನಿಗೆ ನಮ್ಮ ಕಥೆ ಹಿಮದ ನಾಡಿನಲ್ಲಿ ಹೇಗೆ ಹೆಡೆ ಎತ್ತಿದೆ ಅನ್ನುವುದು ತಟ್ಟನೆ ಹಿಡಿಯುತ್ತದೆ. ಹೊಡೆತದ ದೃಶ್ಯಗಳು ಘೋರವಾಗಿವೆ, ಪುಟ್ಟ ಮಲಗಿದ ಮೇಲೆ ನೋಡಿ.

ಮಾತು ಎಲ್ಲಿ ಕೆಡುತ್ತದೆ ಅನ್ನುವುದು ಈಗ. ಸಿನಿಮಾ ಮುಗಿದ ತಕ್ಷಣ 'ನಿನಗೆ ಇಂಡಿಯಾ ಇಷ್ಟವೋ ಅಮೆರಿಕ ಇಷ್ಟವೋ' ಅಂತ ಕೇಳಬೇಡಿ. ಅಪ್ಪ ಬೇಕೋ ಅಮ್ಮ ಬೇಕೋ ಅಂದ ಹಾಗೆ ಕೇಳಿಸುತ್ತದೆ, ಮಕ್ಕಳು ಭುಜ ಹಾರಿಸಿ ಎದ್ದುಹೋಗುತ್ತಾರೆ. ತೆರೆಯ ಮೇಲಿನ ಮಗುವನ್ನು ತೋರಿಸಿ 'ನೋಡು ಅವಳು ಹೇಗೆ ಕೊನೆಗೆ ಅಮ್ಮನ ಮಾತು ಕೇಳಿದಳು' ಅನ್ನಬೇಡಿ. ನಡುವೆ ನಿಲ್ಲಿಸಿ ವಿವರಿಸುವುದೂ ಬೇಡ. ಇನ್ನೊಂದು ತಪ್ಪು ತುಂಬ ಸುಲಭವಾಗಿ ಆಗುತ್ತದೆ: ಇಂಗ್ಲಿಷ್ ಸಂಭಾಷಣೆಯನ್ನೆಲ್ಲ ಕನ್ನಡದಲ್ಲಿ ಹೇಳು ಅಂತ ಮೊಮ್ಮಗಳಿಗೆ ಹೊರಿಸುವುದು. ಇಪ್ಪತ್ತು ನಿಮಿಷಕ್ಕೆ ಅವಳು ಸುಸ್ತು. ಅದರ ಬದಲು ಶುರುವಾಗುವ ಮುನ್ನ ಕಥೆಯನ್ನು ಐದು ನಿಮಿಷದಲ್ಲಿ ಅಮ್ಮನಿಗೆ ಹೇಳಿಬಿಡಿ, ಉಳಿದದ್ದನ್ನು ಮುಖಗಳೇ ಹೇಳುತ್ತವೆ. ಇಂಗ್ಲಿಷ್ ಸಬ್‌ಟೈಟಲ್ ಹಾಕಿಯೇ ಇಡಿ. ಲಂಡನ್ನಿನ ಉಚ್ಚಾರ ಅಮೆರಿಕದ ಮಕ್ಕಳಿಗೂ ಕೆಲವೊಮ್ಮೆ ತಿಳಿಯುವುದಿಲ್ಲ. ಕನ್ನಡ ಸಬ್‌ಟೈಟಲ್ ನೆಚ್ಚಿಕೊಳ್ಳಬೇಡಿ.

ಕೇಳಬಹುದಾದ ಪ್ರಶ್ನೆ ಒಂದೇ, ಅದೂ ಮಾರನೆಯ ದಿನ, ತಿಂಡಿ ತಿನ್ನುವಾಗ: 'ಆ ಅಪ್ಪ ಅಷ್ಟು ಹೆದರಿದ್ದು ಯಾತಕ್ಕೆ?' ಉತ್ತರ ಬಂದ ಮೇಲೆ ನಿಮ್ಮ ಸರದಿ. ಅಣ್ಣ ಊರು ಬಿಟ್ಟದ್ದು 2001ರಲ್ಲಿ. ಆಗ ನಮ್ಮ ಬೀದಿ ಹೇಗಿತ್ತು, ಯಾರ ಮನೆಯಲ್ಲಿ ಯಾರು ಯಾರಿಗೆ ಏನು ಬೇಡ ಅನ್ನುತ್ತಿದ್ದರು, ಈಗ ಅವರೇ ಏನು ಮಾಡುತ್ತಿದ್ದಾರೆ, ಎರಡು ಮೂರು ಬದಲಾವಣೆಗಳನ್ನು ಹೆಸರು ಹಿಡಿದು ಹೇಳಿ, ಸಂಜೆ ಕರೆದುಕೊಂಡು ಹೋಗಿ ತೋರಿಸಿ. ಅವರ ಅಪ್ಪ ಯಾವ ಊರನ್ನು ತಲೆಯಲ್ಲಿಟ್ಟುಕೊಂಡು ಮಾತಾಡುತ್ತಾನೆ ಅನ್ನುವುದು ಆಗ ಅವರಿಗೇ ಹೊಳೆಯುತ್ತದೆ.

ವಾರಕ್ಕೆ ಒಂದೇ ಸಿನಿಮಾ, ನಾಲ್ಕನೆಯದು ಕೊನೆಯ ವಾರದಲ್ಲಿ ಸೇರಿಕೊಳ್ಳಲಿ. ಮಕ್ಕಳ ಫೋನಿನ ಖಾತೆಯಲ್ಲಿ ಅಮೆರಿಕದಲ್ಲಿ ಕಾಣುವ ಸಿನಿಮಾ ಊರಿಗೆ ಬಂದ ಮೇಲೆ ಮಾಯವಾಗಬಹುದು, ಹಕ್ಕುಗಳು ದೇಶಕ್ಕೊಂದು ಥರ. ಎರಡು ದಿನ ಮೊದಲೇ ಹುಡುಕಿ ನೋಡಿ. ಅಣ್ಣ ಡಿವಿಡಿ ಕಳಿಸುತ್ತೇನೆ ಅಂದರೆ ಸುಮ್ಮನೆ ಒಪ್ಪಬೇಡಿ. ಅಮೆರಿಕದ ಡಿವಿಡಿಗೆ ಪ್ರದೇಶ ಸಂಖ್ಯೆ 1, ಬ್ರಿಟನ್ನಿನದು 2, ನಮ್ಮಲ್ಲಿ 5. ಎಲ್ಲ ಪ್ರದೇಶಕ್ಕೂ ತೆರೆದಿರುವ ಪ್ಲೇಯರ್ ಇಲ್ಲದಿದ್ದರೆ ತಟ್ಟೆ ಓಡುವುದಿಲ್ಲ. ನಮ್ಮ ಹಾಲಿನಲ್ಲಿರುವ ಹಳೆಯ ಪ್ಲೇಯರಿನ ಹಿಂದೆ ಗೋಳದ ಚಿಹ್ನೆಯೊಳಗೆ ಒಂದು ಅಂಕಿ ಇರುತ್ತದೆ. ಅದೆಷ್ಟು ಅಂತ ನೋಡಿ ಭಾನುವಾರ ಫೋನಿನಲ್ಲಿ ತಿಳಿಸಿ, ಅದರ ಮೇಲೆ ಏನು ಕಳಿಸಬೇಕೆಂದು ಅಣ್ಣನಿಗೆ ಹೇಳುತ್ತೇನೆ.

ಅಜ್ಜಿಗೆ ನನ್ನ ನಮಸ್ಕಾರ ತಿಳಿಸಿ.

ಇಂತಿ ನಿಮ್ಮ ಪ್ರೀತಿಯ ಮಗಳು